ಗದಗಕ್ಕ ಕುಂತು ಹೋದ ಚೀಲ

ಹೋದ ಸೋಮವಾರ ನನ್ನ ಸೊಸಿ ಹುಬ್ಬಳ್ಳಿಗೆ ಹೊಂಟಿದ್ಲು. ಆಕಿ ಚೀಲ ಗದಗಕ್ಕ ಹೋತು. ಸೊಸಿ ನಿಂತು ಹೋದ್ಲು, ಚೀಲ ಕಿಡಕಿ ಸೀಟಿನ್ಯಾಗ ಕುಂತು ಹೋತು. ಕಳಿಸಿದಾಕಿ ನಾನು.

ಲಕ್ಷ್ಮೇಶ್ವರದಾಗ ಇರೋ ನಿಮಗ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರು ಓದ್ತಿದ್ರ ಅವರಿಗೊಂದು ಮಾತು. ನಮ್ಮದು ಹಳೇ ಊರು. ಸೋಮೇಶ್ವರ ಗುಡಿ, ಬಸದಿ ನೋಡಾಕ ದೂರದಿಂದ ಮಂದಿ ಬರತಾರ. ಕಲ್ಲಿನ ಮ್ಯಾಲಿನ ಅಕ್ಷರ ಓದಾಕ ಪ್ರೊಫೆಸರ್ ಬಂದು ತಾಸುಗಟ್ಟಲೆ ಕುಂಡ್ರತಾರ. (ನಮ್ಮ ಓಣ್ಯಾಗ ಯಾರಾದ್ರೂ ಓದ್ಯಾರೇನು? ನಾನಂತೂ ಇಲ್ಲ.) ತಾಲೂಕು ಕಚೇರಿ ಐತಿ, ಸಂತಿ ಐತಿ. ಹುಬ್ಬಳ್ಳಿಯವರು ನಮಗ ಹಳ್ಳಿ ಮಂದಿ ಅಂತಾರ, ಹಳ್ಳಿಯವರು ಸಿಟಿ ಮಂದಿ ಅಂತಾರ. ನೌಕರಿ ಮಾತ್ರ ಹುಬ್ಬಳ್ಳ್ಯಾಗ, ಇಲ್ಲಂದ್ರ ಗದಗದಾಗ. ಅದಕ್ಕ ಮುಂಜಾನೆ ಏಳಕ್ಕ ಅರ್ಧ ಊರು ಬಸ್‌ಸ್ಟ್ಯಾಂಡಿನ್ಯಾಗ.

ಬಸ್ ಬಂದು ನಿಲ್ಲೋದ್ರಾಗ ಕಿಡಕಿಯಿಂದ ದಸ್ತಿ, ಟವೆಲ್, ಛತ್ರಿ ಒಳಗ ಬೀಳತಾವ. ಬಿತ್ತಂದ್ರ ಆ ಸೀಟು ಅವರದು. ಆಸ್ತಿ ಸಲುವಾಗಿ ಕೋರ್ಟಿಗೆ ಹೋಗೋ ಅಣ್ಣತಮ್ಮರೂ ಸೀಟಿನ ಮ್ಯಾಲೆ ದಸ್ತಿ ಕಂಡ್ರ ಸುಮ್ಮನ ನಿಲ್ಲತಾರ.

ಸೊಸಿ ರೇಣುಕಾಗ ಹುಬ್ಬಳ್ಳಿ ದವಾಖಾನ್ಯಾಗ ರಕ್ತ ತಪಾಸ ಮಾಡೋ ಕೆಲಸ ಸಿಕ್ಕಿತ್ತು. ಸೋಮವಾರ ಹನ್ನೆರಡರೊಳಗ ಕಾಗದಪತ್ರ ತೋರಿಸಿ ಹಾಜರಾಗಬೇಕು. ಗಂಡಾಹೆಂಡ್ತಿ ಇಬ್ಬರೂ ಅಲ್ಲೇ ಬಾಡಿಗಿ ಮನಿ ನೋಡೂಣು ಅಂತ ಗುಸುಗುಸು ನಡಸಿದ್ರು.

"ನೀವೂ ಬರ್ರಿ ಅತ್ತಿ. ಒಂದು ಮನಿ ಐತಂತ, ಮೂರನೇ ಮಾಳಗಿ, ಗಾಳಿ ಛಲೋ ಐತಂತ," ಅಂದ್ಲು.

ಗಾಳಿ ತಿಂದು ಬದುಕಾಕ ನಾನೇನು ಪಾರಿವಾಳ? "ಇಲ್ಲಿಂದನ ಹೋಗಿ ಬಾ. ಸೀಟಿನ ಜವಾಬ್ದಾರಿ ನಂದು," ಅಂದೆ. ಆಕಿ ಒಪ್ಪಿದ್ಲು.

ಬಸ್ ಬಂತು. ಬೋರ್ಡ್ ನೋಡಿದೆ: ಹುಬ್ಬಳ್ಳಿ. ಆಕಿ ಕೈಯಾಗಿನ ಚೀಲ ಕಸಗೊಂಡು ಒಳಗ ಒಗದೆ. ರೊಟ್ಟಿ, ಮಾರ್ಕ್ಸ್ ಕಾರ್ಡ್, ಆರ್ಡರ್, ಎಲ್ಲಾ ಅದರಾಗ. ಸೀಟು ಹಿಡದ ಮ್ಯಾಲೆ ಅವಸರ ಏನೈತಿ? ಕಟ್ಟಿ ಮ್ಯಾಲೆ ಕುಂತು ಮಾತಾಡಿದ್ವಿ. ಬಸ್ ಹೊಂಟಾಗ ನೋಡತೀವಿ, ಅದರ ಮಾರಿ ಮ್ಯಾಲೆ ಗದಗ ಅಂತೈತಿ. ಕೂಗೂದ್ರಾಗ ದಾಟಿ ಹೋತು.

ಹಿಂದಿನ ಟ್ರಿಪ್ಪಿನ ಬೋರ್ಡ್ ಬದಲಿ ಆಗೂದು ಕಂಡಕ್ಟರ್ ಚಾ ಕುಡದ ಮ್ಯಾಲೆ. ಊರಿಗೆಲ್ಲಾ ಗೊತ್ತು. ಓದಾಕ ಬಾರದ ಹೆಂಗಸರು "ಯಾವೂರಿಗಪಾ?" ಅಂತ ಕೇಳಿ ಚೀಲ ಹಾಕತಾರ. ನಾನು ಮೂರನೇ ಇಯತ್ತೆ ಕಲತಾಕಿ. ಓದಿ ಹಾಕಿದೆ.

ರೇಣುಕಾ ನನ್ನ ಮಾರಿ ನೋಡಿದ್ಲು. "ನೌಕರಿನ ಇಲ್ಲಂದ್ರ ಬಾಡಿಗಿ ಮನಿನೂ ಬೇಕಾಗೂದಿಲ್ಲ ಅಂತ ಲೆಕ್ಕಾ ಹಾಕಿದ್ರೇನ್ರಿ?"

ಆಣಿ ಮಾಡಿದ್ರೂ ನಂಬಂಗಿಲ್ಲ. ಬರೇ ಫೋನ್ ಹಿಡಕೊಂಡು ಮುಂದಿನ ಹುಬ್ಬಳ್ಳಿ ಬಸ್ ಹತ್ತಿದ್ಲು. ಕೈ ಬೀಸಲಿಲ್ಲ.

ಮನಿ ಮುಟ್ಟೂದ್ರಾಗ ನನ್ನ ಫೋನ್ ಬಡಕೊಂತು. ಬಾಜೂ ಮನಿ ಮಾಬುಬಿ. ಗದಗದಾಗ ಟೇಲರ್ ಅಂಗಡ್ಯಾಗ ಜಂಪರ್ ಹೊಲೀತಾಳ, ದಿನಾ ಹೋಗಿ ಬರತಾಳ, ಅವತ್ತೂ ಅದ ಬಸ್ಸಿನ್ಯಾಗಿದ್ಲು. ನಮ್ಮ ಚೀಲ ಹೊಲದಾಕಿನೂ ಆಕಿನ, ಗುರುತು ಹಿಡದಾಳ.

"ಅವ್ವಾರ, ನಿಮ್ಮ ಸೊಸಿ ಎಲ್ಲೆ? ಶಿರಹಟ್ಟಿ ದಾಟಿತು, ಆಕಿ ಸೀಟು ಕಾಯಕೋಂತ ನಿಂತೀನಿ."

"ನಿನಗ ಮೊಣಕಾಲು ಬ್ಯಾನಿ ಅಲ್ಲೇನು? ಕುಂಡ್ರಬಾರದ?"

"ಹೆಂಗ ಕುಂಡ್ರಲಿ, ಚೀಲ ಐತಲ್ಲ. ಒಬ್ಬಾಂವ ಸರಿಸಾಕ ಬಂದಿದ್ದ, ಬೈದು ನಿಲ್ಲಿಸೀನಿ."

ಮಂದಿ ಒಬ್ಬರ ಮ್ಯಾಲೊಬ್ಬರು ಬಿದ್ದಾರ. ನಡಕ ನಮ್ಮ ಚೀಲ ಹೊರಗ ನೋಡಕೋಂತ ಹೊಂಟೈತಿ. ಅದಕ್ಕೊಂದು ಟಿಕೆಟ್ ಹರೀಲಿಲ್ಲ, ಅಷ್ಟ.

ಆದದ್ದೆಲ್ಲಾ ಹೇಳಿದೆ. ಮಾಬುಬಿ ಕೇಳಿದ್ಲು, "ಹಂಗಾರ ಗದಗದಾಗ ಇಳದು ಹುಬ್ಬಳ್ಳಿ ಬಸ್ಸಿನ ಕಿಡಕ್ಯಾಗ ಒಗೀಲೇನ್ರಿ?"

"ಒಗಿ. ಬೋರ್ಡ್ ಓದಬ್ಯಾಡ, ಕೇಳಿ ಒಗಿ," ಅಂದೆ.

ಒಗೀಲಿಲ್ಲ. ಅಂಗಡಿಗೆ ಅರ್ಧ ದಿನ ರಜಾ ಹೇಳಿ ತಾನ ಹುಬ್ಬಳ್ಳಿಗೆ ಹೋಗಿ ಕೊಟ್ಲು. ಹನ್ನೆರಡಕ್ಕ ಕಾಲು ತಾಸು ಇರೋವಾಗ ರೇಣುಕಾ ಸಹಿ ಮಾಡಿದ್ಲು.

ಸಂಜಿಕೆ ಬಂದಾಕಿ ಕಾಲು ತೊಳಕೊಂಡು ನನ್ನ ಎದುರಿಗೆ ಕುಂತ್ಲು. ನಾನ ಕೇಳಿದೆ, "ಮನಿ ಯಾವಾಗ ನೋಡತೀರಿ?"

"ಸದ್ಯಕ್ಕ ಬ್ಯಾಡ್ರಿ. ನನ್ನ ಕೂಡ ಕೆಲಸ ಮಾಡಾಕಿ ಒಬ್ಬಾಕಿ ಅಲ್ಲೇ ಮೂರನೇ ಮಾಳಗ್ಯಾಗ ಅದಾಳ. ಬಾಜೂ ಮನ್ಯಾಕಿ ಹೆಸರೇನು ಅಂದ್ರ ಗೊತ್ತಿಲ್ಲ ಅಂದ್ಲು. ಅಲ್ಲೆ ನನ್ನ ಚೀಲ ಯಾರು ಕಾಯತಾರ್ರಿ?"

ನಾ ಗೆದ್ದೆ ಅಂತ ಎಲಿ ಅಡಿಕಿ ಬಾಯಿಗೆ ಹಾಕ್ಕೊಂಡೆ. ಆಕಿ ಮಾತು ಇನ್ನೂ ಮುಗದಿರಲಿಲ್ಲ.

"ಆದ್ರ ನಾಳಿಂದ ನೀವು ಬಸ್‌ಸ್ಟ್ಯಾಂಡಿಗೆ ಬರಬ್ಯಾಡ್ರಿ ಅತ್ತಿ. ಸೀಟು ಮಾಬುಬಿ ಹಿಡೀತಾಳ."

ಒಂದ ದಿನದಾಗ ಸೊಸಿಗೆ ನೌಕರಿ ಸಿಕ್ಕಿತು, ಅತ್ತೀದು ಹೋತು. ಪಿಂಚಣಿ ಯಾರ ಕಡೆ ಕೇಳಲಿ?