ಕೆಳಗೆ ನೋಡದ ಕಣ್ಣು

ನಮ್ಮ ಯಜಮಾನರು ಗುಬ್ಬಿಯಲ್ಲಿ ಟೈಲರ್ ಆಗಿದ್ದರು. ಎಂಬತ್ತರ ದಶಕದ ಶುರುವಿನಲ್ಲಿ ಅವರ ಹೊಲಿಗೆ ಸೊಟ್ಟಗಾಗತೊಡಗಿತು. ಮೆಟ್ಟಿಲಿಳಿಯುವಾಗ ಎಡವುತ್ತಿದ್ದರು. ತುಮಕೂರಿಗೆ ಹೋಗಿ ಎರಡು ಸಲ ಕನ್ನಡಕ ಬದಲಾಯಿಸಿದರೂ ಅಷ್ಟೇ.

ನನಗೆ ಚಿಂತೆಗಿಂತ ಸಿಟ್ಟೇ ಹೆಚ್ಚಾಗಿತ್ತು. ನಮ್ಮ ಮನೆಗಳಲ್ಲಿ ಹೆಂಗಸರು ಗಂಡನ ಸಮಕ್ಕೆ ಕೂರುತ್ತಿರಲಿಲ್ಲ. ಅವರು ಬೆಂಚಿನ ಮೇಲೆ, ನಾನು ಎದುರಿಗೆ ಗೋಡೆಗೊರಗಿ ನೆಲದ ಮೇಲೆ. ಮದುವೆಯಾದಾಗಿನಿಂದ ನಮ್ಮ ಮಾತುಕತೆ ನಡೆದದ್ದು ಹಾಗೆಯೇ. ಈಗ ನಾನು ಏನು ಹೇಳಿದರೂ ಅವರು ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತಿದ್ದರು. ನನ್ನ ಮುಖವೇ ಬೇಡವಾಗಿದೆ ಎಂದುಕೊಂಡು ನಾನೂ ಮಾತು ಬಿಟ್ಟೆ. ಊಟ ಬಡಿಸಿಟ್ಟು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಹೊಲಿಗೆ ಮಿಷನ್ನಿನ ಸದ್ದೂ ನಿಂತ ಮನೆಯಲ್ಲಿ ಇದ್ದವರು ನಾವಿಬ್ಬರೇ. ಒಂದು ವರ್ಷ ಹೀಗೇ ಹೋಯಿತು.

ಕೊನೆಗೆ ತುಮಕೂರಿನ ಡಾಕ್ಟರೊಬ್ಬರು ಯಜಮಾನರ ಮುಖದ ಮುಂದೆ ಬೆರಳು ಹಿಡಿದು ಮೆಲ್ಲಗೆ ಕೆಳಗಿಳಿಸಿದರು. ಕಣ್ಣು ಬೆರಳಿನ ಜೊತೆ ಇಳಿಯಲೇ ಇಲ್ಲ.

"ಕಣ್ಣು ಚೆನ್ನಾಗೇ ಇದೆ ಕಣಮ್ಮ. ಅದನ್ನ ಕೆಳಕ್ಕೆ ತಿರುಗಿಸೋ ಮೆದುಳಿನ ಭಾಗ ಸವೀತಾ ಇದೆ. ಕತ್ತೂ ಬಗ್ಗಲ್ಲ. ಇದಕ್ಕೆ ಔಷಧಿ ಇಲ್ಲ," ಎಂದರು.

ಮನೆಗೆ ಬಂದವಳು ಸ್ಟೂಲ್ ಎಳೆದುಕೊಂಡು, ಮೊದಲ ಸಲ, ಅವರ ಸಮಕ್ಕೆ ಎದುರಿಗೆ ಕೂತೆ. ಅವರು ನನ್ನನ್ನೇ ಬಹಳ ಹೊತ್ತು ನೋಡಿದರು. ಆ ವೇಳೆಗಾಗಲೇ ಅವರ ಮಾತೂ ತೊದಲತೊಡಗಿತ್ತು.

"ಎಲ್ಲೋಗಿದ್ದೆ ಇಷ್ಟು ದಿನ?" ಅಂದರು.