ಗೇರ್ ಬಾಕ್ಸಿಗೆ ಇಟ್ಟ ಸೇವಂತಿಗೆ

ನಮ್ಮ ಕಾರು ಉಳಿಯಿತು. ಉಳಿಸಿದವಳು ನನ್ನ ಮೊಮ್ಮಗಳು ಸುಜಾತ. ಬೆಳಗಿನಿಂದ ಹಾಲಿನವನಿಗೆ, ಹೂವಿನವಳಿಗೆ, ಕೊನೆಗೆ ಕಾಂಪೌಂಡಿನ ಮೇಲೆ ಮಲಗಿದ್ದ ಬೆಕ್ಕಿಗೂ ಹೇಳಿದ್ದಾಯಿತು. ಪೂರ್ತಿ ಕೇಳಿಸಿಕೊಂಡದ್ದು ಬೆಕ್ಕು ಮಾತ್ರ. ಇನ್ನು ಉಳಿದವರು ನೀವು.

ನಮ್ಮ ಯಜಮಾನರು ಒಬ್ಬ ಸಾಹುಕಾರರ ಬಳಿ ಡ್ರೈವರಾಗಿದ್ದವರು. ಕೆಲಸ ಬಿಟ್ಟಾಗ ಸಾಹುಕಾರರು ತಮ್ಮ ಹಳೆಯ ಫಾರಿನ್ ಕಾರನ್ನೇ ಕೊಟ್ಟುಬಿಟ್ಟರು. ಅದಕ್ಕೆ ಕ್ಲಚ್ಚೇ ಇಲ್ಲ, ಗೇರು ತಾನಾಗಿ ಬೀಳುತ್ತದೆ. ಎಡಗಾಲಿಗೆ ಪೆನ್ಷನ್ ಕೊಟ್ಟ ಕಾರು ಎಂದು ಯಜಮಾನರು ನಗುತ್ತಿದ್ದರು. ಅವರು ಹೋದ ಮೇಲೆ ಅದು ವಿಜಯನಗರದ ನಮ್ಮ ಮನೆಯ ಶೆಡ್ಡಿನಲ್ಲಿ ನಿಂತಿತು.

ಮನೆಯಲ್ಲಿ ಜನರಿಗೇನೂ ಬರವಿಲ್ಲ. ಮಗ ರಮೇಶನಿಗೆ ಫ್ಯಾಕ್ಟರಿಯ ಶಿಫ್ಟು, ಸೊಸೆಗೆ ಸ್ಕೂಲು, ಸುಜಾತಳಿಗೆ ಪಾಲಿಟೆಕ್ನಿಕ್ಕು. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುತ್ತಾರೆ. ನಾನು ಎಲ್ಲರ ಪಾಲು ಮುಚ್ಚಿಟ್ಟು ಒಬ್ಬಳೇ ಉಂಡು, ಮಧ್ಯಾಹ್ನ ಕಾರಿನಲ್ಲಿ ಯಜಮಾನರ ಪಕ್ಕದ ಸೀಟಿನಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತೇನೆ. ಸ್ಟೀರಿಂಗಿನ ಕಡೆ ತಿರುಗಿ ಎರಡು ಮಾತಾಡುವುದೂ ಉಂಟು. ನಗಬೇಡಿ, ಬದುಕಿದ್ದಾಗಲೂ ಗಾಡಿ ಓಡಿಸುವಾಗ ಅವರು ಉತ್ತರ ಕೊಡುತ್ತಿರಲಿಲ್ಲ.

ಇತ್ತೀಚೆಗೆ ಕಾರಿಗೆ ರೋಗ ಹಿಡಿದಿತ್ತು. ರಮೇಶ ರಸ್ತೆಗಿಳಿಸಿದರೆ ಒಂದೇ ಗೇರಿನಲ್ಲಿ ಕಿರುಚಿಕೊಂಡು ಹೋಗಿ, ಎಮ್ಮೆ ಒದ್ದ ಹಾಗೆ ಮುಂದಿನ ಗೇರಿಗೆ ಜಿಗಿಯುತ್ತಿತ್ತು. ಬಂದ ಮೆಕ್ಯಾನಿಕ್ಕರೆಲ್ಲ ಕ್ಲಚ್ ಹುಡುಕಿ, ಕಾಫಿ ಕುಡಿದು, ಗೇರ್ ಬಾಕ್ಸೇ ಹೋಗಿದೆ ಎಂದರು. ಅದಕ್ಕೆ ಅಂಟಿಕೊಂಡಿದ್ದ ಅರ್ಧ ಸಾಮಾನು ಏತಕ್ಕೆಂದು ಒಬ್ಬರಿಗೂ ತಿಳಿಯದು. ರಮೇಶ ಭಾನುವಾರ ಸಂಜೆಗೆ ಗುಜರಿಯವನನ್ನು ಬರಹೇಳಿದ. ನಾನು ಸರಿಯಪ್ಪಾ ಎಂದೆ. ಎಂದವಳು ಹೋಗಿ ಕಾರಿನಲ್ಲಿ ಕೂತೆ. ಸುಜಾತ ಕಿಟಕಿಯಲ್ಲಿ ಇಣುಕಿ, ಅಷ್ಟರೊಳಗೆ ತಾನೊಮ್ಮೆ ನೋಡುವುದಾಗಿ ಹೇಳಿದಳು.

ಗುರುತು ಸಿಗದ ಸಾಮಾನು ನನಗೆ ಹೊಸದಲ್ಲ. ನಮ್ಮ ಅತ್ತೆಯವರ ಕಾಲದ ಹಿತ್ತಾಳೆಯದೊಂದು ಅಟ್ಟದ ಮೇಲಿದೆ; ಮೂರು ಕಾಲು, ಒಂದು ಕೊಕ್ಕೆ. ಏತಕ್ಕೆಂದು ಕೇಳೋಣವೆನ್ನುವಷ್ಟರಲ್ಲಿ ಅತ್ತೆಯವರು ಇರಲಿಲ್ಲ. ಈಗಲೂ ಹುಣಿಸೆಹಣ್ಣು ಹಾಕಿ ತಿಕ್ಕಿಡುತ್ತೇನೆ. ತಿಳಿಯದ್ದನ್ನು ಬಿಸಾಡಬಾರದು, ಹೂವಿಡಬೇಕು. ನನ್ನ ವಿದ್ಯೆ ಅಷ್ಟೇ. ಆಯುಧಪೂಜೆಗೆ ಬಾನೆಟ್ ಎತ್ತಿಸಿ, ಎಂಜಿನ್ನಿಗೆ ಕುಂಕುಮವಿಟ್ಟು, ಹಿಂದುಗಡೆ ಬಾಯಿ ತೆರೆದು ನಿಂತಿದ್ದ ಸಣ್ಣ ಪೈಪಿನಲ್ಲಿ ಸೇವಂತಿಗೆ ಸಿಕ್ಕಿಸಿದ್ದೆ.

ಭಾನುವಾರ ಸುಜಾತ ಅಪ್ಪನ ಹಳೇ ಪ್ಯಾಂಟು ತೊಟ್ಟು ಕಾರಿನಡಿ ತೂರಿದಳು. ಗೇರ್ ಬಾಕ್ಸಿನ ಮಗ್ಗುಲಲ್ಲಿ ಕುಂಕುಮದ ಭರಣಿಯಂಥ ತಗಡಿನ ಡಬ್ಬಿ ಇತ್ತಂತೆ. ಅದರಿಂದ ಹೊರಟ ಪೈಪನ್ನು ಬಳ್ಳಿಯ ಹಾಗೆ ಹಿಡಿದುಕೊಂಡು ಮೇಲೆ ಬಂದಳು. ಬಳ್ಳಿಯ ತುದಿಯಲ್ಲಿ ನನ್ನ ಸೇವಂತಿಗೆ ಒಣಗಿ ಕೂತಿತ್ತು.

“ಇದನ್ನ ಯಾರೂ ತೆಗ್ದು ನೋಡ್ಲಿಲ್ವಾ ಅಜ್ಜಿ?”

“ಪೂಜೆ ಹೂವು ಕಣೇ, ಯಾರು ಮುಟ್ತಾರೆ?”

ನಿಜ, ಮೆಕ್ಯಾನಿಕ್ಕರೆಲ್ಲ ಅದಕ್ಕೆ ಕೈಮುಗಿದು ಪಕ್ಕದ ಬೋಲ್ಟಿಗೆ ಹೋಗಿದ್ದರು. ಎಂಜಿನ್ ಎಷ್ಟು ದುಡಿಯುತ್ತಿದೆ ಎಂಬ ಸುದ್ದಿ ಆ ಪೈಪಿನಲ್ಲೇ ಡಬ್ಬಿಗೆ ತಲುಪಬೇಕಂತೆ, ಅದರ ಮೇಲೇ ಗೇರು ಬೀಳುವುದಂತೆ. ಗೇಣು ದೂರದಲ್ಲಿ ಎಂಜಿನ್ನಿನ ಮೂತಿಯೊಂದಕ್ಕೆ ಯಾರೋ ಬಟ್ಟೆ ತುರುಕಿದ್ದರು. ನಡುವೆ ಇರಬೇಕಾದ ರಬ್ಬರ್ ತುಂಡು ಮಾತ್ರ ಇಲ್ಲ. ಇಷ್ಟು ಹತ್ತಿರವಿದ್ದೂ ಒಬ್ಬರ ಸುದ್ದಿ ಒಬ್ಬರಿಗಿಲ್ಲ. ನಮ್ಮ ಮನೆಯ ಹಾಗೇ ಎಂದುಕೊಂಡೆ.

ಸುಜಾತ ಹೂವನ್ನು ಕಣ್ಣಿಗೊತ್ತಿಕೊಂಡು ತೆಗೆದಳು, ಬಟ್ಟೆ ಕಿತ್ತೆಸೆದು, ಸ್ಕೂಟರಿನ ಪೆಟ್ರೋಲ್ ಪೈಪಿನ ತುಂಡು ಹಾಕಿ ಎರಡನ್ನೂ ಕೂಡಿಸಿದಳು. ರಮೇಶ ನಂಬದೆಯೇ ಹತ್ತಿದ, ನಾವೂ ಹತ್ತಿದೆವು. ಹೊಸಹಳ್ಳಿ ಬಂತು, ಹೋಯಿತು. ಗೇರು ಬಿದ್ದದ್ದೇ ತಿಳಿಯಲಿಲ್ಲ. ಅವರು ಓಡಿಸುವಾಗಲೂ ಹೀಗೇ. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಧೂಳು ಅಂದೆ.

ಸಂಜೆ ಮುದ್ದೆ, ಬಸ್ಸಾರು ಮಾಡಿ ನಾಲ್ಕು ತಟ್ಟೆ ಒಟ್ಟಿಗೆ ಹಾಕಿದೆ. ಒಂದನ್ನೂ ಮುಚ್ಚಿಡಲಿಲ್ಲ. ಮುದ್ದೆ ಮುರಿಯುತ್ತ ರಮೇಶ ಕೇಳಿದ, “ಗುಜರಿಯವ್ನು ಬಂದ್ರೆ ಏನ್ ಹೇಳ್ಲಮ್ಮ?”

“ಊಟ ಮಾಡ್ಕೊಂಡು ಹೋಗಪ್ಪಾ ಅನ್ನು.”

ಸುಜಾತ ಅಟ್ಟದ ಹಿತ್ತಾಳೆಯ ಸಾಮಾನನ್ನೂ ಇಳಿಸಿ ನೋಡೋಣವೆಂದಳು. ಅದು ದೀಪಕ್ಕೆ ಎಂದು ಸೊಸೆ, ಮಜ್ಜಿಗೆಗೆ ಎಂದು ರಮೇಶ. ವಾದ ಮುಗಿಯಲಿಲ್ಲ. ತಟ್ಟೆ ಖಾಲಿಯಾಗಿ ಕೈ ಒಣಗಿಹೋದರೂ ಒಬ್ಬರೂ ಏಳಲಿಲ್ಲ.