ಬೆಳಗಿನ ಬಣ್ಣದ ಪಟ್ಟಿಗಳು

ಹಳೆಯ ಟೀವಿ ಪ್ರಸಾರ ನಿಲ್ಲಿಸುವ ಗಡುವನ್ನು ಮುಂದೂಡುವ ಮಸೂದೆ ಪಾಸಾಯಿತು ಎಂಬ ಸುದ್ದಿ ಬಂದಾಗ ಊರಿಗೆ ಊರೇ ನಿರಾಳವಾಯಿತು. ಗುಡ್ಡದ ಮೇಲಿನ ಟ್ರಾನ್ಸ್‌ಮಿಟರ್ ಕೋಣೆಯಲ್ಲಿ ಮಾತ್ರ ಒಬ್ಬ ಮನುಷ್ಯ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಆ ಟ್ರಾನ್ಸ್‌ಮಿಟರ್ ನಡೆಸುವವನೇ ಅವನು. ಊರಿನವರು ಅವನನ್ನು ಟವರ್ ಮಾಮ ಎನ್ನುತ್ತಿದ್ದರು.

ಡಿಜಿಟಲ್ ಬರುತ್ತದೆ, ಹಳೆಯದು ಇಂಥ ದಿನ ನಿಲ್ಲುತ್ತದೆ ಎಂದು ಸರ್ಕಾರ ಮೊದಲೇ ಸಾರಿತ್ತು. ಹಳೇ ಟೀವಿ ಇದ್ದವರಿಗೆಲ್ಲ ಸೆಟ್‌ಟಾಪ್ ಬಾಕ್ಸು ಪುಕ್ಕಟೆ ಕೊಡುತ್ತೇವೆ ಎಂದೂ ಹೇಳಿತ್ತು. ದಿನ ಹತ್ತಿರ ಬಂದರೂ ಅರ್ಧ ಊರಿಗೆ ಬಾಕ್ಸಿನ ಸುಳಿವಿಲ್ಲ. ಜನ ಗಲಾಟೆ ಎಬ್ಬಿಸಿದರು, ಸದನದಲ್ಲಿ ಮಾತಿಗೆ ಮಾತು ಬೆಳೆಯಿತು, ಗಡುವು ವರ್ಷದ ಕೊನೆಗೆ ಹೋಯಿತು. ಒಳ್ಳೆಯದೇ ಆಯಿತು ಅನ್ನಿ. ಆದರೆ ಮಾಮನ ಸಂಕಟ ಬೇರೆ.

ಆ ಟ್ರಾನ್ಸ್‌ಮಿಟರಿನ ಹೊಟ್ಟೆಯೊಳಗೆ ಒಂದು ದೊಡ್ಡ ಟ್ಯೂಬು ಉರಿಯುತ್ತದೆ. ಅದು ಸತ್ತರೆ ಎಲ್ಲರ ಮನೆಯ ಪರದೆಯೂ ಖಾಲಿ. ಅಂಥ ಟ್ಯೂಬು ಮಾಡುತ್ತಿದ್ದ ಕಾರ್ಖಾನೆ ಯಾವತ್ತೋ ಬಾಗಿಲು ಹಾಕಿತ್ತು. ಹಾಗಿದ್ದೂ ಮಾಮ ತನ್ನಲ್ಲಿ ಉಳಿದಿದ್ದ ಒಂದೇ ಒಂದು ಹೆಚ್ಚುವರಿ ಟ್ಯೂಬನ್ನು ದೂರದ ಇನ್ನೊಂದು ಕೇಂದ್ರಕ್ಕೆ ಎತ್ತಿ ಕೊಟ್ಟುಬಿಟ್ಟಿದ್ದ. "ನನ್ನ ಟ್ಯೂಬು ಗಡುವಿನ ದಿನದ ತನಕ ಬರುತ್ತೆ, ಅಷ್ಟು ಸಾಕು" ಎಂದು ಮೀಸೆ ಬೇರೆ ತಿರುವಿದ್ದ. ಟ್ಯೂಬಿನ ಆಯಸ್ಸನ್ನೂ ಸರ್ಕಾರದ ಮಾತನ್ನೂ ಸರಿಯಾಗಿ ಜೋಡಿಸಿದ್ದೇನೆ ಎಂಬ ಹೆಮ್ಮೆ ಅವನಿಗೆ. ಟ್ಯೂಬು ಮಾತು ತಪ್ಪಲಿಲ್ಲ, ಸರ್ಕಾರ ತಪ್ಪಿತು.

ಈಗ ಉಳಿದದ್ದು ಒಂದೇ ದಾರಿ, ಟ್ಯೂಬಿನ ಉರಿ ಸಣ್ಣ ಮಾಡುವುದು. ಹಾಗೆ ಮಾಡಿದರೆ ಅದು ಇನ್ನಷ್ಟು ದಿನ ಬಾಳುತ್ತದೆ, ಆದರೆ ಪ್ರಸಾರದ ಬಲ ಇಳಿಯುತ್ತದೆ. ಹತ್ತಿರದವರಿಗೆ ಗೊತ್ತೂ ಆಗುವುದಿಲ್ಲ. ಅಂಚಿನಲ್ಲಿರುವವರ ಚಿತ್ರ ಮಾತ್ರ ಕಾಳುಕಾಳಾಗುತ್ತದೆ. ಅಂಚು ಎಂದರೆ ಗುಡ್ಡದ ಹಿಂಬದಿಯ ಓಣಿ. ಆ ಓಣಿಯ ಕೊನೆಯ ಮನೆಯಲ್ಲಿ ಅವನ ಅತ್ತಿಗೆ ಇದ್ದರು.

ಅತ್ತಿಗೆ ಅಣ್ಣನ ಕೈಹಿಡಿದು ಮನೆಗೆ ಬಂದಾಗ ಇವನಿನ್ನೂ ಮೂಗು ಸೋರಿಸುವ ಹುಡುಗ. ತಾಯಿ ಇರಲಿಲ್ಲ. ಚಡ್ಡಿಗೆ ತೇಪೆ ಹಾಕಿದವರು, ಪರೀಕ್ಷೆಗೆ ಎಬ್ಬಿಸಿದವರು, ಕಿವಿ ಹಿಂಡಿದವರು ಎಲ್ಲ ಅವರೇ. ಅಣ್ಣ ಒಂದು ಬೆಳಿಗ್ಗೆ ಸೈಕಲ್ಲೇರಿ ಕೆಲಸಕ್ಕೆ ಹೊರಟವರು ತಲುಪಲೇ ಇಲ್ಲ. ಲಾರಿ ಗುದ್ದಿದ ಸುದ್ದಿ ಮನೆಗೆ ಬರುವಾಗ ಮಧ್ಯಾಹ್ನ. ಅಲ್ಲಿಯ ತನಕ ಅತ್ತಿಗೆ ಹಾಡು ಗುನುಗುತ್ತ ಹೊಲಿಗೆ ಯಂತ್ರ ತುಳಿಯುತ್ತಿದ್ದರಂತೆ. ಹಾಗೆ ಗುನುಗಿದ್ದಕ್ಕೆ ಅವರು ತಮ್ಮನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಆಮೇಲೆ ಹೊಲಿಗೆಯಿಂದಲೇ ಮೈದುನನನ್ನು ಓದಿಸಿದರು. ಈಗ ಮಂಡಿ ಸೋತಿದೆ, ಟೀವಿಯೇ ಜೊತೆ. ಗಡುವು ಮುಂದೆ ಹಾಕಿ ಎಂದು ಓಣಿಯಲ್ಲಿ ಎಲ್ಲರಿಗಿಂತ ಜೋರಾಗಿ ಗಂಟಲು ಹರಿದುಕೊಂಡವರೂ ಅವರೇ.

ಮಾಮ ಒಂದು ಬೆಳಿಗ್ಗೆ ಮನಸ್ಸು ಕಲ್ಲು ಮಾಡಿಕೊಂಡು ಉರಿ ಇಳಿಸಿದ. ಫೋನು ಬರಲು ತಡವಾಗಲಿಲ್ಲ.

"ಏನೋ ಇದು, ಟೀವಿ ತುಂಬ ಇರುವೆ ಹರಿದಾಡ್ತಿದೆ! ಸರ್ಕಾರನೇ ದಿನ ಕೊಟ್ಟಿದೆ, ಅದನ್ನ ಕಿತ್ಕೊಂಡೋರು ಯಾರು?"

"ನಾನೇ ಅತ್ತಿಗೆ."

ಆ ಕಡೆ ಫೋನು ಕುಕ್ಕಿದ ಸದ್ದು. ಮಾಮನ ಮುಖ ಸಣ್ಣಗಾಯಿತು.

ರಜೆಯ ದಿನ ಉದ್ದನೆಯ ಪೈಪೊಂದನ್ನು ಹೊತ್ತು ಅವರ ಮನೆಗೆ ಹೋದ. ಆಂಟೆನಾ ಎತ್ತರಿಸಿದರೆ ಚಿತ್ರ ಸ್ವಲ್ಪವಾದರೂ ತಿಳಿಯಾದೀತು ಎಂಬ ಆಸೆ. ಅತ್ತಿಗೆ ಮುಖ ಗೋಡೆಗೆ ತಿರುಗಿಸಿ ಕೂತಿದ್ದರು. ತಂತಿ ಬಿಗಿದು ಕಟ್ಟಲು ಬಟ್ಟೆ ಚೂರು ಬೇಕಾಯಿತು. ಹೊಲಿಗೆ ಯಂತ್ರದ ಪಕ್ಕದ ಟ್ರಂಕಿನಲ್ಲಿ ಚೂರುಗಳಿರುತ್ತವೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಕೈ ಹಾಕಿದರೆ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಸರ್ಕಾರದ ಸೆಟ್‌ಟಾಪ್ ಬಾಕ್ಸು, ಮೇಲಿನ ಟೇಪೂ ಬಿಚ್ಚಿಲ್ಲ.

"ಅತ್ತಿಗೆ! ಇದು ಬಂದು ಎಷ್ಟು ದಿನ ಆಯ್ತು?"

"ಎಲ್ಲರಿಗಿಂತ ಮೊದಲೇ ಬಂತು."

"ಮತ್ತೆ ಬಾಕ್ಸಿಲ್ಲ ಅಂತ ಇಡೀ ಓಣಿ ಕೈಲಿ ಸಹಿ ಹಾಕಿಸಿದ್ರಲ್ಲ?"

"ಬರದೇ ಇರೋರಿಗೋಸ್ಕರ ಹಾಕಿಸ್ದೆ. ನನಗೋಸ್ಕರಾನೂ ಹೌದು ಅಂತಿಟ್ಕೋ." ಸೆರಗಿನ ಅಂಚು ತಿರುಚುತ್ತ ಕೇಳಿದರು, "ಇದನ್ನ ಹಾಕಿದ್ರೆ ಬೆಳಿಗ್ಗೆ ಆ ಬಣ್ಣದ ಪಟ್ಟಿ ಬರುತ್ತಾ?"

ಮಾಮ ಕಕ್ಕಾಬಿಕ್ಕಿಯಾದ. ಕಾರ್ಯಕ್ರಮ ಶುರುವಾಗುವ ಮೊದಲು ಪರೀಕ್ಷೆಗೆಂದು ಅವನು ಹಾಕುವ ಪಟ್ಟಿಗಳವು. ದಿನಾ ಬೈಕಿನಲ್ಲಿ ಗುಡ್ಡ ಹತ್ತಿ ಬಂದು ಹೆಲ್ಮೆಟ್ಟು ತೆಗೆಯುವ ಮೊದಲೇ ಅವನ ಕೈ ಆ ಸ್ವಿಚ್ಚಿಗೆ ಹೋಗುತ್ತಿತ್ತು. ಅದನ್ನು ಯಾರಾದರೂ ಕೂತು ನೋಡುತ್ತಾರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಬರಲ್ಲ ಅತ್ತಿಗೆ. ಬಾಕ್ಸಿನ ಚಿತ್ರ ಬೇರೆ ಕಡೆಯಿಂದ ಬರೋದು."

"ಹಾಗಾದ್ರೆ ನೀನು ಗುಡ್ಡ ಹತ್ತಿ ಕ್ಷೇಮವಾಗಿ ತಲುಪಿದೆ ಅಂತ ನನಗೆ ಹೆಂಗೋ ಗೊತ್ತಾಗ್ಬೇಕು?"

ಮಾಮ ಕೈಯಲ್ಲಿದ್ದ ಬಾಕ್ಸನ್ನು ಟ್ರಂಕಿಗೆ ವಾಪಸ್ ಇಟ್ಟ. ಇಷ್ಟು ವರ್ಷ ಗುಡ್ಡದ ತಿರುವುಗಳ ದಾರಿಯಲ್ಲಿ ಬೈಕು ಓಡಿಸುವಾಗ ತಾನೊಬ್ಬನೇ ಎಂದುಕೊಂಡಿದ್ದ.

"ಫೋನ್ ಮಾಡ್ತೀನಿ."

"ಮರೀತೀಯ. ಪಟ್ಟಿ ಹಾಕೋದು ಮರೆಯೋ ಹಾಗಿಲ್ಲ, ಅದು ನಿನ್ನ ಕೆಲಸ."

"ಹೋಗ್ಲಿ, ಉರಿ ಮತ್ತೆ ಏರಿಸ್ಲಾ?"

"ಏರಿಸಿದ್ರೆ?"

"ನಡುವೆ ಟ್ಯೂಬು ಸತ್ತುಹೋಗಬಹುದು. ಆಗ ಯಾರಿಗೂ ಬರಲ್ಲ."

"ಬೇಡಪ್ಪ. ಬಾಕ್ಸು ಬರದೇ ಇರೋರು ಊರಲ್ಲಿ ಇನ್ನೂ ಇದಾರೆ. ನನಗೆ ಮಸುಕಾಗಿ ಕಂಡ್ರೂ ಸಾಕು. ಆ ಪೈಪು ನೆಟ್ಟಗೆ ನಿಲ್ಲಿಸು, ವಾಲ್ತಾ ಇದೆ."

ಅಲ್ಲಿಂದಾಚೆಗೆ ಬಾಕ್ಸು ಟ್ರಂಕಿನಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಕಾಳುಗಳ ನಡುವೆ ಮಸುಕಾದ ಪಟ್ಟಿಗಳು ಕಾಣಿಸುತ್ತಿದ್ದವು. ಅವನ್ನು ಕಂಡ ಮೇಲೆಯೇ ಅತ್ತಿಗೆ ಟೀವಿ ಆರಿಸಿ ಒಲೆ ಹಚ್ಚುತ್ತಿದ್ದರು. ಮಾಮ ಟ್ಯೂಬನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದ. ಅದೂ ಅವನ ಮಾನ ಉಳಿಸಿತು. ಬಾಕ್ಸುಗಳು ಒಂದೊಂದಾಗಿ ಮನೆ ಸೇರಿದವು. ಮತ್ತೆ ಮಸೂದೆ ಬರಬಹುದೆಂದು ಕೆಲವರು ಬಾಜಿ ಕಟ್ಟಿದ್ದರು, ಬರಲಿಲ್ಲ.

ಹಳೆಯ ಪ್ರಸಾರದ ಕೊನೆಯ ಬೆಳಿಗ್ಗೆ ಉಳಿಸಿಡಬೇಕಾದ್ದು ಏನೂ ಇರಲಿಲ್ಲ. ಮಾಮ ಉರಿಯನ್ನು ಪೂರ್ತಿ ಏರಿಸಿ ಪಟ್ಟಿ ಹಾಕಿದ. ಗುಡ್ಡದ ಹಿಂದಿನ ಆ ಮನೆಯಲ್ಲಿ ಕೆಂಪು ಕೆಂಪಾಗಿಯೇ, ಹಳದಿ ಹಳದಿಯಾಗಿಯೇ ಕಂಡಿತು. ಅವತ್ತು ಅತ್ತಿಗೆ ಟೀವಿ ಆರಿಸಲಿಲ್ಲ, ಪಟ್ಟಿಗಳು ಹೋಗುವ ತನಕ ನೋಡುತ್ತ ಕೂತರಂತೆ.

ಮರುದಿನ ಯಂತ್ರ ಬಿಚ್ಚುವ ಕೆಲಸಕ್ಕೆಂದು ಮಾಮ ಗುಡ್ಡ ಹತ್ತಿದ. ಕೋಣೆಗೆ ಕಾಲಿಟ್ಟವನೇ ಸ್ವಿಚ್ಚಿನತ್ತ ಕೈ ಚಾಚಿದ. ಪಟ್ಟಿ ಇಲ್ಲ ಎಂಬುದು ಆಮೇಲೆ ನೆನಪಾಯಿತು. ಚಾಚಿದ ಕೈಯನ್ನು ಹಾಗೇ ಪಕ್ಕದ ಫೋನಿನ ಕಡೆ ತಿರುಗಿಸಿದ. ಇನ್ನೂ ಹೆಲ್ಮೆಟ್ಟು ತೆಗೆದಿರಲಿಲ್ಲ.

ಮೊದಲ ರಿಂಗಿಗೇ ಆ ಕಡೆ ಎತ್ತಿದರು.

"ತಲುಪಿದ್ಯಾ?"